ಉದ್ಯೋಗಕ್ಕೂ ಅದೇ ಕಾರು, ಓಟಕ್ಕೂ ಅದೇ ಕಾರು

ಕಂಬಳದ ಕೋಣಕ್ಕೆ ನೇಗಿಲು ಕಟ್ಟಿ ಗದ್ದೆ ಉಳುವವರು ನಮ್ಮ ತುಳುನಾಡಿನಲ್ಲಿ ಈಗ ಇಲ್ಲವೆಂದೇ ಹೇಳಬೇಕು. ಹುರುಳಿ ಬೇಯಿಸಿ ಹಾಕಿ, ಮೈಗೆ ಎಣ್ಣೆ ತಿಕ್ಕಿ, ಓಟಕ್ಕೆಂದೇ ಸಾಕುವ ಕೋಣ ಅದು. ಆದರೆ ಮನೆಯಲ್ಲಿರುವ ಒಂದೇ ಕಾರನ್ನು ವಾರದ ಆರು ದಿನ ಉದ್ಯೋಗಕ್ಕೆ, ಮಕ್ಕಳ ಶಾಲೆಗೆ, ಮಂಗಳೂರಿನ ಆಸ್ಪತ್ರೆಗೆ ಓಡಿಸಿ, ಏಳನೆಯ ದಿನ ಓಟದ ಪಥಕ್ಕೆ ಇಳಿಸುವ ಹವ್ಯಾಸವೊಂದಿದೆ. ಉಳುವ ಕೋಣವನ್ನೇ ಓಡಿಸುವ ಈ ಹವ್ಯಾಸ ನಮ್ಮ ಯುವಕರನ್ನೂ ಆಕರ್ಷಿಸತೊಡಗಿದೆ. ಅದರ ಒಳಗುಟ್ಟೇನು, ಖರ್ಚು ಮಾಡಬೇಕಾದದ್ದು ಎಲ್ಲಿ, ಮಾಡಬಾರದ್ದು ಎಲ್ಲಿ ಎಂಬುದನ್ನು ಓದುಗರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಇದರಲ್ಲಿ ಎರಡು ಬಗೆ. ಒಂದು 'ಟ್ರ್ಯಾಕ್ ಡೇ'. ಶುಲ್ಕ ತೆತ್ತು, ಶಿರಸ್ತ್ರಾಣ ಧರಿಸಿ, ನಿಜವಾದ ಓಟದ ಪಥದಲ್ಲಿ ತನ್ನದೇ ಕಾರನ್ನು ಓಡಿಸುವುದು. ಇದು ಪಂದ್ಯವಲ್ಲ, ಇಲ್ಲಿ ಗೆಲುವು ಸೋಲುಗಳಿಲ್ಲ. ಇನ್ನೊಂದು 'ಆಟೋಕ್ರಾಸ್'. ವಿಶಾಲ ಮೈದಾನದಲ್ಲಿ ರಬ್ಬರಿನ ಶಂಕುಗಳನ್ನು ನೆಟ್ಟು ದಾರಿ ಮಾಡಿ, ಒಂದೊಂದೇ ಕಾರನ್ನು ಬಿಟ್ಟು ಗಡಿಯಾರ ಹಿಡಿಯುವುದು. ಅಮೆರಿಕದಲ್ಲಿ ಪ್ರಚಲಿತವಿರುವ ಕ್ರಮದಂತೆ ಒಂದು ಶಂಕು ಉರುಳಿಸಿದರೆ ಎರಡು ಸೆಕೆಂಡಿನ ದಂಡ. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಮಣ್ಣಿನ ನೆಲದಲ್ಲಿ ನಡೆಯುತ್ತದೆ.

ನಮ್ಮವರಿಗೆ ಹತ್ತಿರದ ಪಥವೆಂದರೆ ಕೊಯಮತ್ತೂರು ಬಳಿಯ ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇ. ಸುಮಾರು ಎರಡು ಕಿಲೋಮೀಟರಿನ ಈ ಪಥಕ್ಕೆ, 'ಫಾರ್ಮುಲಾ ಮಾರುತಿ' ಓಟದ ಕಾರುಗಳನ್ನು ನಿರ್ಮಿಸಿದ ಎಸ್. ಕರಿವರ್ಧನ್ ಅವರ ಹೆಸರಿದೆ. ಮದರಾಸಿನ ಹೊರವಲಯದ ಇರುಂಗಾಟ್ಟುಕೋಟೆಯಲ್ಲಿ 1990ರಲ್ಲಿ ಆರಂಭವಾದ ಪಥ 3.7 ಕಿಲೋಮೀಟರಿನದು. ಗಲ್ಫಿನಲ್ಲಿ ದುಡಿಯುವ ನಮ್ಮ ಊರವರಿಗೆ 2004ರ ದುಬೈ ಪಥವೂ, 2009ರ ಅಬುಧಾಬಿಯ ಯಾಸ್ ಮರೀನಾ ಪಥವೂ ಪರಿಚಿತವೇ.

ಮೊದಲು ನಿಲ್ಲಲಿ

ಉದಾಹರಣೆಗೆ 2022ರಲ್ಲಿ ಮಾರುಕಟ್ಟೆಗೆ ಬಂದ ಫೋಕ್ಸ್‌ವ್ಯಾಗನ್ ವರ್ಟಸ್ ಕಾರಿನ ಒಂದೂವರೆ ಲೀಟರ್ ಟರ್ಬೊ ಮಾದರಿಯನ್ನು ತೆಗೆದುಕೊಳ್ಳೋಣ. ಡಿಕ್ಕಿಯಿರುವ, ಐದು ಮಂದಿ ಕೂರುವ ಸಂಸಾರಿಗನ ಕಾರು. ಆದರೆ ಶಕ್ತಿ 150 ಅಶ್ವಬಲ. ಇಷ್ಟಿದ್ದ ಮೇಲೆ ಇಂಜಿನಿಗೆ ಇನ್ನೂ ಬಲ ತುಂಬುವ ಅಗತ್ಯ ಹೊಸಬನಿಗಿಲ್ಲ. ಹಣವಿದ್ದರೆ ಅದು ಮೊದಲು ಹೋಗಬೇಕಾದದ್ದು ಬ್ರೇಕಿಗೆ.

ಕಾರಣ ಸರಳ ಗಣಿತ. ಗಂಟೆಗೆ 70 ಕಿಲೋಮೀಟರ್ ವೇಗದ ಕಾರನ್ನು ಪೂರ್ತಿ ನಿಲ್ಲಿಸುವಾಗ ಹುಟ್ಟುವ ಶಾಖಕ್ಕಿಂತ, 140ರಿಂದ 70ಕ್ಕೆ ಇಳಿಸುವಾಗ ಹುಟ್ಟುವ ಶಾಖ ಮೂರು ಪಟ್ಟು. ಊರಿನ ರಸ್ತೆಯಲ್ಲಿ ಅಪರೂಪಕ್ಕೊಮ್ಮೆ ಬರುವ ಈ ಹೊರೆ ಪಥದಲ್ಲಿ ಪ್ರತಿ ಸುತ್ತಿಗೂ ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯ ಪ್ಯಾಡುಗಳು ಬಿಸಿಯೇರಿ ಹಿಡಿತ ಕಳೆದುಕೊಳ್ಳುತ್ತವೆ. ಅದಕ್ಕಿಂತಲೂ ಅಪಾಯ ಬ್ರೇಕ್ ಆಯಿಲ್ ಕುದಿಯುವುದು. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ತುಳಿದ ಪೆಡಲು ನೆಲಕ್ಕೆ ಕುಸಿಯುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ.

ಡಾಟ್-4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ನೀರಿನ ಅಂಶ ಸೇರಿದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ನಾಲ್ಕು ತಿಂಗಳು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಹೇಳುವುದೇ ಬೇಡ. ಓಟಕ್ಕೆ ಹೋಗುವ ಮುನ್ನ ಹಳೆಯದನ್ನು ಪೂರ್ತಿ ತೆಗೆಸಿ ಹೊಸದು ಹಾಕಿಸುವುದು, ಶಾಖ ತಾಳುವ ಪ್ಯಾಡು ಹಾಕಿಸುವುದು: ಇವೆರಡೇ ಮೊದಲ ವರ್ಷದ ಸಿದ್ಧತೆಗೆ ಬಹುಪಾಲು ಸಾಕು. ಒಂದು ಎಚ್ಚರಿಕೆ: ಪಂದ್ಯಕ್ಕೆಂದೇ ಮಾಡಿದ ಪ್ಯಾಡುಗಳು ಬಿಸಿಯಾದ ಮೇಲೆ ಮಾತ್ರ ಚೆನ್ನಾಗಿ ಹಿಡಿಯುತ್ತವೆ. ಬೆಳಗ್ಗೆ ಮನೆಯಂಗಳದಿಂದ ಹೊರಟು ಮೊದಲ ತಿರುವಿನಲ್ಲೇ ಮಗುವೊಂದು ಅಡ್ಡ ಬಂದರೆ ತಣ್ಣಗಿನ ಆ ಪ್ಯಾಡು ಕೈಕೊಟ್ಟೀತು. ಎರಡಕ್ಕೂ ಒದಗುವ ಮಧ್ಯಮ ದರ್ಜೆಯದ್ದೇ ಸಂಸಾರಿಗನಿಗೆ ಯೋಗ್ಯ.

ಅಂಗೈಯಗಲದ ಆಸರೆ

ಕಾರು ನೆಲವನ್ನು ಮುಟ್ಟುವುದು ನಾಲ್ಕು ಕಡೆ, ಒಂದೊಂದು ಕಡೆಯೂ ಅಂಗೈಯಗಲದಷ್ಟು ಮಾತ್ರ. ಆದ್ದರಿಂದ ಒಳ್ಳೆಯ ಟೈರು ಎರಡನೆಯ ಖರ್ಚು. ಬಿಸಿಯೇರಿದಂತೆ ಟೈರಿನ ಒತ್ತಡವೂ ಏರುತ್ತದೆ. ಹತ್ತು ಡಿಗ್ರಿಗೆ ಸುಮಾರು ಒಂದೂವರೆ ಪೌಂಡಿನ ಲೆಕ್ಕ. ಪ್ರತಿ ಸುತ್ತಾಟದ ಬಳಿಕ ಅಳೆದು ಸರಿಪಡಿಸಬೇಕು. ಮನೆಗೆ ಹೊರಡುವ ಮುನ್ನ, ಟೈರು ತಣಿದ ಮೇಲೆ ಮತ್ತೆ ಗಾಳಿ ತುಂಬಿಸಲು ಮರೆಯಬಾರದು.

ಆಟೋಕ್ರಾಸಿನವರು ಒಂದು ಅಗ್ಗದ ಉಪಾಯ ಬಲ್ಲರು. ಟೈರಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು ಒಂದು ಸುತ್ತು ಓಡಿಸುವುದು. ಗೆರೆ ಬದಿಯ ಗೋಡೆಯವರೆಗೂ ಅಳಿಸಿದ್ದರೆ ಟೈರು ಮಗುಚಿಕೊಳ್ಳುತ್ತಿದೆ, ಗಾಳಿ ಸಾಲದು ಎಂದರ್ಥ. ಅಂಚಿನ ತನಕ ಅಳಿಸದೇ ಉಳಿದರೆ ಗಾಳಿ ಹೆಚ್ಚು.

ಮುಂದಿನ ಚಕ್ರಗಳೇ ಎಳೆಯುವ ಇಂಥ ಕಾರು ತಿರುವಿನಲ್ಲಿ ಹೊರಕ್ಕೆ ಜಾರುವುದು ಸಹಜ. ಚಕ್ರದ ತಲೆಯನ್ನು ತುಸು ಒಳಕ್ಕೆ ವಾಲಿಸಿದರೆ, ಅಂದರೆ 'ಕ್ಯಾಂಬರ್' ಕೊಟ್ಟರೆ, ಹಿಡಿತ ಹೆಚ್ಚುತ್ತದೆ. ಓಟಗಾರರು ಎರಡು ಮೂರು ಡಿಗ್ರಿ ಕೊಡುವುದುಂಟು. ನಿತ್ಯ ಓಡುವ ಕಾರಿಗೆ ಅಷ್ಟು ಕೊಟ್ಟರೆ ಟೈರಿನ ಒಳಅಂಚು ಬೇಗ ಸವೆಯುತ್ತದೆ. ಸೋರುವ ಶಾಕ್ ಅಬ್ಸಾರ್ಬರನ್ನು ಬದಲಿಸಿ, ಅಲೈನ್‌ಮೆಂಟ್ ಮಾಡಿಸಿಕೊಂಡು ಹೋಗುವುದೇ ಮೊದಲಿಗೆ ಸಾಕಾದೀತು.

ಓಟದ ದಿನ

ಡಿಕ್ಕಿಯ ಸ್ಟೆಪ್ನಿ, ಜಾಕ್, ಕಾಲಡಿಯ ಮ್ಯಾಟು, ನೀರಿನ ಬಾಟಲಿ ಎಲ್ಲವನ್ನೂ ಇಳಿಸಿಡಬೇಕು. ಉರುಳಿ ಬಂದ ಬಾಟಲಿಯೊಂದು ಬ್ರೇಕಿನಡಿ ಸಿಕ್ಕಿಕೊಂಡರೆ ಆಗುವ ಅನಾಹುತವನ್ನು ಯಾರೂ ಊಹಿಸಬಲ್ಲರು. ಚಕ್ರದ ನಟ್ಟುಗಳನ್ನು ಅಳತೆಯ ಪಾನದಿಂದ ಬಿಗಿ ನೋಡಬೇಕು. ಇಂಜಿನ್ ಆಯಿಲ್ ಮಟ್ಟ ಪರೀಕ್ಷಿಸಬೇಕು. ಕೊನೆಯ ಸುತ್ತನ್ನು ನಿಧಾನವಾಗಿ, ಬ್ರೇಕ್ ಹಿಡಿಯದೆ ಮುಗಿಸಿ ಬಿಸಿ ಇಳಿಸಬೇಕು. ಬಂದು ನಿಲ್ಲಿಸಿದೊಡನೆ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಲೇಸು.

ಇನ್ನೊಂದು ಮಾತು. ಕೊಯಮತ್ತೂರಿನಿಂದ ನಮ್ಮ ಜಿಲ್ಲೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಹೋದ ಕಾರಿನಲ್ಲೇ ಹಿಂತಿರುಗಬೇಕು; ಮರುದಿನ ಅದೇ ಕಾರು ಮನೆಮಂದಿಯನ್ನು ಕರೆದೊಯ್ಯಬೇಕು. ಪ್ಯಾಡಿನಲ್ಲಿ ಮನೆ ಸೇರುವಷ್ಟು ದಪ್ಪ ಉಳಿದಿದೆಯೇ ಎಂದು ನೋಡಿ ಆಟ ನಿಲ್ಲಿಸುವವನೇ ಜಾಣ.

ಕಾನೂನಿನ ಗೆರೆ

ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತು, ತಯಾರಕರ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸ್ಪಷ್ಟಪಡಿಸಿದೆ. ಸ್ಪ್ರಿಂಗು ಕತ್ತರಿಸಿ ಕಾರನ್ನು ತಗ್ಗಿಸುವುದು, ಸೈಲೆನ್ಸರ್ ಬಿಚ್ಚಿ ಸದ್ದೆಬ್ಬಿಸುವುದು ಓಟಕ್ಕೂ ಉಪಕಾರಿಯಲ್ಲ, ರಸ್ತೆಯಲ್ಲಿ ಶಿಕ್ಷೆಗೂ ದಾರಿ. ನಾವು ಮೇಲೆ ಹೇಳಿದ ಆಯಿಲ್, ಅದೇ ಅಳತೆಯ ಪ್ಯಾಡು ಮತ್ತು ಟೈರು, ಅಲೈನ್‌ಮೆಂಟ್ ಇವೆಲ್ಲ ನಿರ್ವಹಣೆಯ ಕೆಲಸಗಳು. ಸಾಮಾನ್ಯ ವಿಮಾ ಪಾಲಿಸಿಯಲ್ಲಿ ಸಂಘಟಿತ ಓಟ ಮತ್ತು ವೇಗಪರೀಕ್ಷೆಗೆ ರಕ್ಷಣೆಯಿಲ್ಲವೆಂಬುದೂ ನೆನಪಿರಲಿ. ಪಥದಲ್ಲಿ ಜಖಂ ಆದರೆ ನಷ್ಟ ಸ್ವಂತದ್ದು.

ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವುದು ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಅಪರಾಧ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ರಾಷ್ಟ್ರೀಯ ಹೆದ್ದಾರಿ ಅಗಲವಾದಷ್ಟೂ ವೇಗದ ಚಪಲ ಹೆಚ್ಚುತ್ತದೆ. ಆ ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳೂ, ಹಾಲಿನ ಸೈಕಲೂ ಇರುತ್ತವೆ. ವೇಗದ ಹಂಬಲವನ್ನು ಗದರಿಸಿ ಅಡಗಿಸಲಾಗದು. ಮಗ ಕಾರಿನ ಹುಚ್ಚು ಹಿಡಿಸಿಕೊಂಡಿದ್ದರೆ, ವರ್ಷಕ್ಕೊಮ್ಮೆ ಅವನನ್ನು ಚೆಟ್ಟಿಪಾಳಯಂಗೆ ಕಳುಹಿಸಿಕೊಡಿ ಎಂದೇ ನಾವು ತಂದೆತಾಯಂದಿರಿಗೆ ಹೇಳುತ್ತೇವೆ. ಬ್ರೇಕು ಎಲ್ಲಿ ಸೋಲುತ್ತದೆ, ಟೈರು ಎಲ್ಲಿ ಜಾರುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡವನು ಹೆದ್ದಾರಿಯಲ್ಲಿ ಮುಂದಿನ ವಾಹನದಿಂದ ತುಸು ಹೆಚ್ಚೇ ದೂರ ಉಳಿಸಿಕೊಳ್ಳುತ್ತಾನೆ.