ಎಕೋ ನಾರ್ಮಲ್ ಅಂದ್ರೆ ಎಲ್ಲಾ ನಾರ್ಮಲ್ಲಾ?

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ನಮ್ಮ ಮನೆಗಳಲ್ಲಿ ಯಾರಿಗಾದರೂ ಎದೆ ಬಿಗಿದರೆ ಮೊದಲು ಬರೋ ಮಾತು, ‘ಗ್ಯಾಸ್ಟ್ರಿಕ್ ಇರ್ಬೇಕು, ಸೋಡಾ ಕುಡಿ’. ಎರಡನೇ ಮಾತು, ‘ಹೋದ ವರ್ಷ ಎಕೋ ಮಾಡ್ಸಿದ್ವಲ್ಲ, ನಾರ್ಮಲ್ ಅಂದ್ರು’. ಈ ಎರಡನೇ ಮಾತು ಎಷ್ಟು ಸರಿ ಅಂತ ನೋಡೋಣ.

ಎಕೋ ಹುಟ್ಟಿದ್ದು ನಮ್ಮಂಥ ಎಂಜಿನಿಯರುಗಳ ಲೋಕದಲ್ಲೇ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುಟ್ ಹರ್ಟ್ಸ್, ಲೋಹದೊಳಗಿನ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಯಂತ್ರವನ್ನೇ ಎದೆಗೆ ಹಿಡಿದು ನೋಡಿದರು. ಪ್ರೋಬ್ ಶಬ್ದ ಕಳಿಸುತ್ತೆ, ವಾಪಸ್ ಬಂದ ಪ್ರತಿಧ್ವನಿಯನ್ನು ಹಿಡಿಯುತ್ತೆ. ದೇಹದೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಪ್ರತಿಧ್ವನಿ 200 ಮೈಕ್ರೋಸೆಕೆಂಡಿಗೆ ಮರಳಿದರೆ, ಹೋಗಿಬರುವ ದಾರಿಯನ್ನು ಎರಡರಿಂದ ಭಾಗಿಸಿ: ಆಳ 15.4 ಸೆಂ.ಮೀ.

ಆದರೆ ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳ ಅಗಲ ಕೆಲವೇ ಮಿಲಿಮೀಟರ್. ಮೇಲಾಗಿ ಅವು ಹೃದಯದ ಜೊತೆ ಸದಾ ಅಲುಗಾಡ್ತಾನೇ ಇರ್ತವೆ. ಹಾಗಾಗಿ ಮಾಮೂಲಿ ಎಕೋದಲ್ಲಿ ಬ್ಲಾಕ್ ನೇರವಾಗಿ ಕಾಣೋದಿಲ್ಲ. ಅದರ ಪರಿಣಾಮ ಕಾಣುತ್ತೆ. ರಕ್ತ ಸಾಲದ ಜಾಗದಲ್ಲಿ ಹೃದಯದ ಗೋಡೆ ಸರಿಯಾಗಿ ಸಂಕುಚಿಸೋದಿಲ್ಲ. ಯಾವ ಭಾಗ ಮಂಕಾಗಿದೆ ಅನ್ನೋದರಿಂದ ಯಾವ ನಾಳದಲ್ಲಿ ತೊಂದರೆ ಅಂತ ವೈದ್ಯರು ಅಂದಾಜು ಮಾಡ್ತಾರೆ.

ಇಲ್ಲೇ ತೊಡಕು ಇರೋದು. ಪೆಟ್ರೋಲ್ ಪೈಪಿನಲ್ಲಿ ಕಸ ಕೂತ ಬೈಕ್ ನ್ಯೂಟ್ರಲ್‌ನಲ್ಲಿ ಚೆನ್ನಾಗೇ ಇರುತ್ತೆ, ಏರು ಹತ್ತುವಾಗ ಎಳೆಯೋದಿಲ್ಲ. ಹಾಗೆಯೇ ನಾಳ ಶೇ. 70ರಷ್ಟು ಕಿರಿದಾಗಿದ್ದರೂ ಮಲಗಿರುವಾಗ ರಕ್ತ ಸಾಕಾಗಬಹುದು. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹತ್ತುವಾಗ ಎದೆ ಬಿಗಿಯುವ ಅಪ್ಪನಿಗೆ, ಮಲಗಿಸಿ ತೆಗೆದ ಎಕೋ ನಾರ್ಮಲ್ ಬರಬಹುದು. ಅಪ್ಪ ಸುಳ್ಳು ಹೇಳ್ತಿಲ್ಲ, ಯಂತ್ರವೂ ಸುಳ್ಳು ಹೇಳ್ತಿಲ್ಲ. ಲೋಡ್ ಹಾಕಿ ನೋಡಿಲ್ಲ, ಅಷ್ಟೇ.

ಅದಕ್ಕೇ ಸ್ಟ್ರೆಸ್ ಎಕೋ ಇದೆ. ಟ್ರೆಡ್‌ಮಿಲ್ ಮೇಲೆ ನಡೆಸಿ, ಆಗದವರಿಗೆ ಡೊಬುಟಮಿನ್ ಔಷಧ ಕೊಟ್ಟು, ಹೃದಯದ ಬಡಿತ ಏರಿಸಿ, ಮೊದಲಿನ ಮತ್ತು ನಂತರದ ಚಿತ್ರಗಳನ್ನು ಹೋಲಿಸ್ತಾರೆ. ಅನುಮಾನ ಉಳಿದರೆ ಆಂಜಿಯೋಗ್ರಾಂ.

ಆದರೆ ಎದೆನೋವು ಈಗಲೇ ಇದ್ದರೆ ಎಕೋಗೆ ಅಪಾಯಿಂಟ್‌ಮೆಂಟ್ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಆಗಲಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡಾಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಸಲಹೆ ಕೊಡುವ ವ್ಯವಸ್ಥೆ ಇದೆ.

ಈ ಸಲ ಊರಿಗೆ ಹೋದಾಗ ಅಪ್ಪ-ಅಮ್ಮನನ್ನು ‘ಎಕೋ ಮಾಡ್ಸಿದ್ರಾ?’ ಅಂತ ಮಾತ್ರ ಕೇಳಬೇಡಿ. ‘ಏರು ಹತ್ತುವಾಗ ಎದೆ ಹಿಡಿಯುತ್ತಾ?’ ಅಂತಲೂ ಕೇಳಿ. ಹೌದು ಅಂದರೆ, ಅದನ್ನೇ ವೈದ್ಯರಿಗೂ ಹೇಳಿಸಿ.