ಧಣಿಗಳ ಮಾತಿಗೆ ಬಂದ ವೈಮಾನಿಕ

ಕಥೆ ಹೇಳುವವನಿಗೆ ಬೇಡವಾಗಿದ್ದರೂ ಹಣ ಹಾಕಿದವರಿಗೆ ಬೇಕೆಂಬ ಕಾರಣದಿಂದ ಕಥೆಯೊಳಕ್ಕೆ ಬಂದು, ವರ್ಷ ತುಂಬುವುದರೊಳಗೆ ಪ್ರಾಣಬಿಟ್ಟ ಒಬ್ಬ ತರುಣ ವೈಮಾನಿಕನ ವಿಚಾರವನ್ನು ಇಂದು ನಮ್ಮ ವಾಚಕರ ಮುಂದಿಡಬೇಕೆಂದಿದ್ದೇವೆ. ಅವನ ಹೆಸರು ಲೆಫ್ಟಿನೆಂಟ್ ವಾರೆನ್ ಕೆಫರ್. ಅವನು ಬದುಕಿದ್ದುದು ‘ಬ್ಯಾಬಿಲಾನ್ ೫’ ಎಂಬ ಅಮೆರಿಕದ ಟೆಲಿವಿಷನ್ ಧಾರಾವಾಹಿಯಲ್ಲಿ. ಆ ಪಾತ್ರವನ್ನು ಧರಿಸಿದ ನಟ ರಾಬರ್ಟ್ ರಸ್ಲರ್. ಧಾರಾವಾಹಿಯ ಅಭಿಮಾನಿಗಳಲ್ಲಿಯೂ ಕೆಫರನನ್ನು ನೆನೆಯುವವರು ವಿರಳ. ನೆನೆದರೂ ನಕ್ಕು ಮುಂದೆ ಸಾಗುವವರೇ ಹೆಚ್ಚು. ಆ ನಗೆ ಅವನಿಗೆ ಸಲ್ಲತಕ್ಕುದಲ್ಲವೆಂಬುದು ನಮ್ಮ ಅಭಿಪ್ರಾಯ.

ಧಾರಾವಾಹಿಯ ಮೊದಲ ಚಿತ್ರ ಹೊರಬಿದ್ದುದು ೧೯೯೩ರಲ್ಲಿ. ೧೯೯೪ರಿಂದ ೧೯೯೮ರವರೆಗೆ ಐದು ಭಾಗಗಳಾಗಿ ೧೧೦ ಕಂತುಗಳು ಪ್ರಸಾರವಾದವು. ಅವುಗಳಲ್ಲಿ ೯೨ನ್ನು ಬರೆದವರು ಇದರ ನಿರ್ಮಾತೃವಾದ ಜೆ. ಮೈಕೆಲ್ ಸ್ಟ್ರಾಝಿನ್ಸ್ಕಿಯವರೇ. ಆಗಿನ ಕಾಲದ ಅಮೆರಿಕದ ಧಾರಾವಾಹಿಗಳು ಸಾಮಾನ್ಯವಾಗಿ ವಾರಕ್ಕೊಂದು ಕಥೆ ಹೇಳಿ ಕೈತೊಳೆದುಕೊಳ್ಳುತ್ತಿದ್ದರೆ, ಇವರು ಐದು ವರ್ಷಗಳ ಉದ್ದಕ್ಕೂ ಹಬ್ಬುವ ಒಂದೇ ಕಾದಂಬರಿಯನ್ನು ಮೊದಲೇ ಯೋಚಿಸಿಟ್ಟುಕೊಂಡಿದ್ದರು. ಇಂಥ ಹೆಣಿಗೆಯಲ್ಲಿ ಹೊರಗಿನಿಂದ ಒಂದು ಪಾತ್ರವನ್ನು ತಂದು ತುರುಕುವುದೆಂದರೆ ಸಣ್ಣ ಸಂಗತಿಯಲ್ಲ.

ಕಥೆ ನಡೆಯುವುದು ಆಕಾಶದಲ್ಲಿ ತೇಲುವ ಐದು ಮೈಲಿ ಉದ್ದದ ಒಂದು ಠಾಣೆಯಲ್ಲಿ. ಮನುಷ್ಯರೂ ಅನ್ಯಲೋಕದವರೂ ಸೇರಿ ಎರಡೂವರೆ ಲಕ್ಷ ಜೀವಗಳು ಅಲ್ಲಿ ವಾಸಿಸುತ್ತವೆ. ಕೆಫರ್ ಬರುವ ಎರಡನೆಯ ಭಾಗದ ಕಾಲ ಕ್ರಿ. ಶ. ೨೨೫೯. ಕೊಳವೆಯಂತಿರುವ ಈ ಠಾಣೆ ತನ್ನ ಅಕ್ಷದ ಸುತ್ತ ಸದಾ ತಿರುಗುತ್ತಿರುತ್ತದೆ. ನೀರು ತುಂಬಿದ ಚೊಂಬಿಗೆ ಹಗ್ಗ ಕಟ್ಟಿ ರಭಸದಿಂದ ಬೀಸಿದರೆ ನೀರು ಚೆಲ್ಲದೆ ತಳಕ್ಕೆ ಅಂಟಿಕೊಂಡಿರುವುದನ್ನು ನಾವೆಲ್ಲರೂ ಬಾಲ್ಯದಲ್ಲಿ ಕಂಡವರೇ. ಅದೇ ನಿಯಮದಿಂದ ಠಾಣೆಯ ಒಳಗೋಡೆಯ ಮೇಲೆ ಜನರ ಕಾಲು ನೆಲೆಯೂರುತ್ತದೆ. ನಡುವಿನ ಅಕ್ಷದಲ್ಲಿ ಮಾತ್ರ ಭಾರವೇ ಇಲ್ಲ.

ಇಲ್ಲಿಯ ಯುದ್ಧನೌಕೆಗೆ ‘ಸ್ಟಾರ್‌ಫ್ಯೂರಿ’ ಎಂದು ಹೆಸರು. ಒಬ್ಬನೇ ನಡೆಸುವಂಥದು. ಇದರ ವಿಚಾರವಾಗಿ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಅದಕ್ಕಿಂತ ಮುಂಚಿನ ಸಿನೆಮಾಗಳಲ್ಲಿ ಆಕಾಶನೌಕೆಗಳು ನಮ್ಮ ವಿಮಾನಗಳಂತೆಯೇ ರೆಕ್ಕೆ ವಾಲಿಸಿ ತಿರುಗುತ್ತಿದ್ದವು. ಗಾಳಿಯೇ ಇಲ್ಲದ ಕಡೆ ರೆಕ್ಕೆಗೆ ಏನು ಕೆಲಸ? ಸ್ಟೀವ್ ಬರ್ಗ್ ಎಂಬ ಕಲಾವಿದರು ರೂಪಿಸಿದ ಸ್ಟಾರ್‌ಫ್ಯೂರಿಗೆ ಗುಣಾಕಾರದ ಚಿಹ್ನೆಯಂತೆ ನಾಲ್ಕು ತೋಳುಗಳು, ತೋಳುಗಳ ತುದಿಯಲ್ಲಿ ಎಂಜಿನುಗಳು. ಮುಂದಕ್ಕೆ ಧಾವಿಸುತ್ತಿರುವಾಗಲೇ ಅದು ನಿಂತಲ್ಲಿಯೇ ಎಂಬಂತೆ ಹಿಂದಕ್ಕೆ ಮುಖಮಾಡಿ, ಬೆನ್ನಟ್ಟಿದವನಿಗೆ ಗುಂಡು ಹೊಡೆಯಬಲ್ಲದು. ಅಷ್ಟಾದರೂ ಮೊದಲಿನ ದಿಕ್ಕಿನಲ್ಲಿ ಅದರ ಓಟ ನಿಲ್ಲುವುದಿಲ್ಲ. ನ್ಯೂಟನ್ ಮಹಾಶಯನ ನಿಯಮ ಇದು. ಠಾಣೆಯಿಂದ ಹೊರಡುವ ಕ್ರಮವಂತೂ ಇನ್ನೂ ಸೊಗಸು: ನೌಕೆಯನ್ನು ಹಾರಿಸುವುದಿಲ್ಲ, ಕೈಬಿಡುತ್ತಾರೆ. ತಿರುಗುವ ಠಾಣೆಯಿಂದ ಕೊಂಡಿ ಕಳಚಿದೊಡನೆ, ಬೀಸಿದ ಹಗ್ಗ ಕಡಿದ ಚೊಂಬಿನಂತೆ ಅದು ಹೊರಕ್ಕೆ ಚಿಮ್ಮುತ್ತದೆ. ಈ ನೌಕೆಗಳ ದೃಶ್ಯಗಳನ್ನು ರಾನ್ ಥಾರ್ನ್‌ಟನ್ ಮತ್ತು ಅವರ ಸಂಗಡಿಗರು ಅಮಿಗಾ ಎಂಬ, ಮನೆಬಳಕೆಗೆ ಮಾರಾಟವಾಗುತ್ತಿದ್ದ ಕಂಪ್ಯೂಟರುಗಳಲ್ಲಿ ಸಿದ್ಧಪಡಿಸತೊಡಗಿದ್ದರೆಂಬುದು ಆ ಕಾಲಕ್ಕೆ ದೊಡ್ಡ ಸಾಹಸವೇ ಸರಿ.

ಇಂಥ ನೌಕೆಗಳಿದ್ದ ಮೇಲೆ, ಅವನ್ನು ಓಡಿಸುವ ಗಂಡೆದೆಯ ಚೆಲುವನೊಬ್ಬ ಮುಖ್ಯ ಪಾತ್ರಗಳಲ್ಲಿ ಇರಲೇಬೇಕೆಂದು ಮೇಲಿನವರು ಪಟ್ಟುಹಿಡಿದರು. ಸ್ಟ್ರಾಝಿನ್ಸ್ಕಿಯವರಿಗೆ ಅದು ಬೇಡವಾಗಿತ್ತು. ತಮ್ಮ ಇಚ್ಛೆಗೆ ವಿರುದ್ಧವಾಗಿ ಆ ಪಾತ್ರವನ್ನು ಸೇರಿಸಬೇಕಾಯಿತೆಂಬುದನ್ನು ಅವರು ಮುಂದೆ ಮುಚ್ಚಿಟ್ಟುಕೊಳ್ಳಲಿಲ್ಲ. ಸೇರಿಸಿದರು, ವರ್ಷದ ಕೊನೆಗೆ ಕೊಂದರು.

ಹೋಟೆಲು ನಡೆಸಿದ ನಮಗೆ ಇದು ತಿಳಿಯದ ನೋವಲ್ಲ. ಬಂಡವಾಳ ಕೊಟ್ಟವರ ಸೋದರಳಿಯನೊಬ್ಬ ಗಲ್ಲೆಯ ಮೇಲೆ ಬಂದು ಕುಳಿತಾಗ ಭಟ್ಟರಿಂದ ಮಾಣಿಯವರೆಗೆ ಎಲ್ಲರ ಮುಖವೂ ಕಪ್ಪಾಗುವುದುಂಟು. ಆದರೆ ಹಾಗೆ ಬಂದ ಹುಡುಗನ ಕಡೆಯಿಂದ ಯೋಚಿಸುವವರು ಯಾರು? ತನ್ನನ್ನು ಯಾರು ಯಾತಕ್ಕೆ ಸೇರಿಸಿದರೆಂಬುದು ಅವನ ಕೈಯಲ್ಲಿಲ್ಲ. ಮಾಡುವ ಕೆಲಸವೊಂದೇ ಅವನ ಕೈಯಲ್ಲಿರುವುದು.

ಕೆಫರ್ ಕೆಲಸ ಮಾಡಿದನು. ಎರಡನೆಯ ಭಾಗದ ನಾಲ್ಕನೆಯ ಕಂತಿನಲ್ಲಿ ಕಾರ್ಟೆಜ್ ಎಂಬ ಭಾರಿ ಶೋಧಕನೌಕೆ ದಾರಿ ತಪ್ಪುತ್ತದೆ. ನಕ್ಷತ್ರಗಳ ನಡುವಣ ಅಗಾಧ ದೂರವನ್ನು ಬೇಗ ದಾಟಲು ಈ ಕಥೆಯ ಜನರು ‘ಹೈಪರ್‌ಸ್ಪೇಸ್’ ಎಂಬ ಬೇರೊಂದು ಅವಕಾಶದೊಳಗೆ ನುಗ್ಗಿ ಸಾಗುತ್ತಾರೆ. ಅಲ್ಲಿ ನಕ್ಷತ್ರವೂ ಇಲ್ಲ, ದಿಕ್ಕೂ ಇಲ್ಲ. ಮಂಜು ಮುಸುಕಿದ ಘಟ್ಟದ ದಾರಿಯಂತೆ. ದ್ವಾರಗಳಿಂದ ಬರುವ ಸಂಕೇತವೊಂದೇ ಆಧಾರ. ಅದು ತಪ್ಪಿದ ನೌಕೆ ಮರಳಿದ್ದಿಲ್ಲ. ಕ್ಯಾಪ್ಟನ್ ಶೆರಿಡನ್ ಸ್ಟಾರ್‌ಫ್ಯೂರಿಗಳನ್ನು ಒಂದರ ಹಿಂದೊಂದು ಸರಪಳಿಯಂತೆ ಒಳಗೆ ನಿಲ್ಲಿಸುತ್ತಾರೆ. ಸರಪಳಿಯ ತುದಿಯಲ್ಲಿ ಕಮಾಂಡರ್ ಗ್ಯಾಲಸ್ ಮತ್ತು ಕೆಫರ್. ಅಷ್ಟರಲ್ಲಿ ಮಂಜಿನೊಳಗಿನಿಂದ ಜೇಡದಂಥ ಕರಿಯ ನೌಕೆಯೊಂದು ಹಾದುಹೋಗುತ್ತದೆ, ಗ್ಯಾಲಸ್ ಸಾಯುತ್ತಾನೆ, ಕೆಫರನ ನೌಕೆ ಹಾನಿಗೊಂಡು ಗಿರಗಿರನೆ ತಿರುಗತೊಡಗುತ್ತದೆ. ಆ ಸ್ಥಿತಿಯಲ್ಲಿಯೂ ಅವನು ಗುಂಡು ಹಾರಿಸಿ, ಆ ಬೆಳಕಿನಿಂದಲೇ ಕಾರ್ಟೆಜ್‌ಗೆ ಮನೆಯ ದಿಕ್ಕನ್ನು ತೋರಿಸುತ್ತಾನೆ. ದೊಡ್ಡ ನೌಕೆ ಪಾರಾಗುತ್ತದೆ, ಸಣ್ಣದು ಅಲ್ಲಿಯೇ ಉಳಿಯುತ್ತದೆ. ಕೊನೆಗೆ ಆ ಕರಿಯ ನೌಕೆಯ ಜಾಡನ್ನೇ ಆಧಾರವಾಗಿಟ್ಟುಕೊಂಡು ಅವನು ಹೊರಬೀಳುತ್ತಾನೆ. ಮೇಲಧಿಕಾರಿಯನ್ನು ಕೊಂದವರ ದಾರಿ ಹಿಡಿದೇ ಜೀವ ಉಳಿಸಿಕೊಳ್ಳಬೇಕಾಗಿ ಬಂದವನ ಮನಸ್ಸು ಹೇಗಿದ್ದೀತು ಎಂಬುದನ್ನು ವಾಚಕರೇ ಊಹಿಸಬಹುದು.

ಇನ್ನೊಂದು ಕಂತು ನಮ್ಮವರಿಗೆ ಹತ್ತಿರವಾದದ್ದು. ಯುದ್ಧಕ್ಕೆ ಹೊರಟ ಕಾಲಾಳುಗಳು ಠಾಣೆಗೆ ಬಂದಿಳಿಯುತ್ತಾರೆ, ಜಾಗ ಸಾಲದು. ಕೆಫರನ ಕೋಣೆಗೆ ಲಾರ್ಜ್, ಯಾಂಗ್ ಎಂಬ ಇಬ್ಬರನ್ನು ತಂದು ಸೇರಿಸುತ್ತಾರೆ. ಒಂದು ಖೋಲಿಯಲ್ಲಿ ಹಾಸಿಗೆ ಹಂಚಿಕೊಂಡು ಮಲಗಿದವರಿಗೆ ಆ ಗೊಣಗಾಟವನ್ನೂ, ಅದು ಸ್ನೇಹಕ್ಕೆ ತಿರುಗುವ ಪರಿಯನ್ನೂ ನಾವು ವಿವರಿಸಬೇಕಾಗಿಲ್ಲ. ಕಂತಿನ ಕೊನೆಯಲ್ಲಿ ಅವರಿಬ್ಬರೂ ರಣರಂಗದಲ್ಲಿ ಹೆಣವಾಗಿ ಬಿದ್ದಿರುತ್ತಾರೆ.

ಕರಿಯ ನೌಕೆಯನ್ನು ಕೆಫರ್ ಮರೆಯಲಿಲ್ಲ. ಅದು ‘ಷ್ಯಾಡೋ’ಗಳೆಂಬ ಪುರಾತನ ಕುಲದವರದು. ಅವರು ಎಚ್ಚತ್ತಿರುವ ಸಂಗತಿ ಶೆರಿಡನ್‌ಗೆ ಗೊತ್ತು. ಗೊತ್ತೆಂದು ತೋರಿಸಿಕೊಂಡರೆ ಅವರು ಹೊತ್ತಿಗೆ ಮೊದಲೇ ಮೇಲೆ ಬೀಳುವರೆಂಬ ಭಯದಿಂದ ಆತ ಗುಟ್ಟು ಕಾಪಾಡುತ್ತಿದ್ದಾನೆ. ಆ ಗೊಡವೆ ಬೇಡವೆಂಬ ಮೇಲಿನವರ ಮಾತು ಕೆಫರನಿಗೆ ತಲುಪಿತು. ಏಕೆ ಬೇಡವೆಂಬುದು ತಲುಪಲಿಲ್ಲ. ದುಡಿಯುವ ಜಾಗದಲ್ಲಿ ಶಿಸ್ತು ಬೇಕೆಂದು ಈ ಅಂಕಣದಲ್ಲಿ ನಾವು ಎಷ್ಟೋ ಸಲ ಬರೆದಿದ್ದೇವೆ. ಆದರೂ ಕಾರಣ ಹೇಳದೆ ಬಾಯಿ ಮುಚ್ಚಿಸಿದರೆ, ಸತ್ತವನ ಋಣ ಹೊತ್ತವನು ಸುಮ್ಮನಿರಲಾರನೆಂಬುದನ್ನು ಶೆರಿಡನ್‌ನಂಥ ಜಾಣನು ತಿಳಿಯಬೇಕಿತ್ತು.

೧೯೯೫ರಲ್ಲಿ ಪ್ರಸಾರವಾದ ‘ದಿ ಫಾಲ್ ಆಫ್ ನೈಟ್’ ಎಂಬ ಇಪ್ಪತ್ತೆರಡನೆಯ ಕಂತಿನಲ್ಲಿ ಅವನು ಆ ನೌಕೆಯನ್ನು ಹೈಪರ್‌ಸ್ಪೇಸ್‌ನಲ್ಲಿ ಪತ್ತೆಹಚ್ಚುತ್ತಾನೆ. ಅದೂ ಅವನನ್ನು ಪತ್ತೆಹಚ್ಚುತ್ತದೆ. ಉಳಿಯುವ ಆಸೆಯಿಲ್ಲವೆಂದು ಅರಿತಾಗ, ಕಂಡುದೆಲ್ಲವೂ ದಾಖಲಾಗಿದ್ದ ಯಂತ್ರವನ್ನು ಹೊರಕ್ಕೆ ಚಿಮ್ಮಿಸುತ್ತಾನೆ. ಮರುಕ್ಷಣವೇ ಅವನ ನೌಕೆ ನುಚ್ಚುನೂರು.

ಇಷ್ಟಾದರೂ ಆ ಕಂತನ್ನು ನೋಡಿದವರನ್ನು ಕೇಳಿ, ಕೆಫರನ ಮಾತು ಅವರ ಬಾಯಲ್ಲಿ ಬಾರದು. ಅದೇ ಕಂತಿನಲ್ಲಿ ಬಾಂಬಿನಿಂದ ತಪ್ಪಿಸಿಕೊಳ್ಳಲು ಶೆರಿಡನ್ ಠಾಣೆಯ ನಡುಅಕ್ಷದ ರೈಲಿನಿಂದ ಹೊರಕ್ಕೆ ಜಿಗಿಯುತ್ತಾನೆ. ಸದಾ ಕವಚದೊಳಗೆ ಅಡಗಿದ್ದ ಕೋಶ್ ಎಂಬ ರಾಯಭಾರಿ ರೆಕ್ಕೆಯ ಜ್ಯೋತಿರ್ಮಯ ರೂಪದಲ್ಲಿ ಹಾರಿಬಂದು ಅವನನ್ನು ಎತ್ತಿಕೊಳ್ಳುತ್ತಾನೆ. ನೋಡಿದ ಒಂದೊಂದು ಕುಲದವರಿಗೂ ಅವನು ಅವರವರ ದೇವದೂತನಂತೆ ಕಾಣುತ್ತಾನೆ. ಅಂಥ ವೈಭವದ ಮುಂದೆ ಒಬ್ಬ ಪೈಲಟ್ಟಿನ ಸಾವು ಯಾರ ಕಣ್ಣಿಗೆ ಬಿದ್ದೀತು? ಲೇಖಕರು ಅವನಿಗೆ ಒಂದು ಮನೆಯನ್ನೋ, ಕಾಗದ ಬರೆಯುವ ತಾಯಿಯನ್ನೋ ಕೊಟ್ಟಿದ್ದರೆ ನಮ್ಮ ಕಣ್ಣು ಒದ್ದೆಯಾಗುತ್ತಿತ್ತು. ಅದನ್ನು ಅವರು ಕೊಡಲಿಲ್ಲ. ಧಣಿಗಳ ಮೇಲಿನ ಸಿಟ್ಟನ್ನು ಪಾತ್ರದ ಮೇಲೆ ತೀರಿಸಿಕೊಂಡರೇನೋ ಎಂದು ನಮಗೆ ಅನ್ನಿಸುತ್ತದೆ.

ಆದರೆ ಆ ಯಂತ್ರ ಸಿಕ್ಕಿತು. ಕಂತಿನ ಕೊನೆಗೆ ಐ.ಎಸ್.ಎನ್. ಎಂಬ ವಾರ್ತಾಸಂಸ್ಥೆ ಅದರೊಳಗಿನ ಚಿತ್ರವನ್ನು ಎಲ್ಲೆಡೆ ಬಿತ್ತರಿಸುತ್ತದೆ. ಕ್ಯಾಪ್ಟನ್ನನೂ ರಾಯಭಾರಿಗಳೂ ತಿಂಗಳುಗಟ್ಟಲೆ ಬಚ್ಚಿಟ್ಟ ಗುಟ್ಟು ಒಂದೇ ರಾತ್ರಿಯಲ್ಲಿ ಬೀದಿಗೆ ಬಂತು. ಮೂರನೆಯ ಭಾಗ ಆರಂಭವಾದಾಗ ಮುಖ್ಯ ನಟರ ಪಟ್ಟಿಯಲ್ಲಿ ರಸ್ಲರ್‌ರ ಹೆಸರು ಇರಲಿಲ್ಲ. ಮಾರ್ಕಸ್ ಕೋಲ್ ಎಂಬ ಹೊಸ ಪಾತ್ರದೊಂದಿಗೆ ಜೇಸನ್ ಕಾರ್ಟರ್ ಬಂದಿದ್ದರು.