ತರಗತಿಯಲ್ಲಿ ಇಸ್ಲಾಂ

ಸರಕಾರದ ಹಣದಿಂದಲೇ ಪೂರ್ಣವಾಗಿ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧರ್ಮಬೋಧೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಧರ್ಮಗಳ ಅಧ್ಯಯನ ಕೂಡದೆಂದಲ್ಲ. ಈ ಭೇದವನ್ನು ಸರ್ವೋಚ್ಚ ನ್ಯಾಯಾಲಯವೂ 2002ರಲ್ಲಿ ಒಪ್ಪಿತು. ಧರ್ಮಪುರುಷರ ಜೀವನವನ್ನೂ ಧರ್ಮಗ್ರಂಥಗಳ ಆಯ್ದ ಭಾಗಗಳನ್ನೂ ಪದವಿ ತರಗತಿಗಳಲ್ಲಿ ಓದಿಸಬೇಕೆಂದು ರಾಧಾಕೃಷ್ಣನ್ ಆಯೋಗವು 1949ರಲ್ಲಿಯೇ ಸೂಚಿಸಿತ್ತು. ಓದಿಸುವುದು ಹೇಗೆಂಬ ತೊಡಕು ಮಾತ್ರ ಅಧ್ಯಾಪಕನ ಪಾಲಿಗೆ ಉಳಿಯಿತು.

ಗದಗ ಸೀಮೆಯ ಕಾಲೇಜೊಂದರಲ್ಲಿ ಈ ಪಾಠ ನನಗೆ ಬಂದಾಗ ನಾನು ಅರಬಸ್ತಾನದಿಂದ ಆರಂಭಿಸಲಿಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠದಿಂದ ಆರಂಭಿಸಿದೆ. 'ಫಕೀರ' ಅರಬ್ಬೀ ಶಬ್ದ. ಬಡವ, ದೇವರೆದುರು ತನ್ನದೆಂಬುದಿಲ್ಲದವ ಎಂದರ್ಥ. ಅಲ್ಲಿಯ ಮಠಾಧಿಪತಿಗಳ ಹೆಸರಿನಲ್ಲಿ ಅದು ಸಿದ್ಧರಾಮನೊಡನೆ ಕೂಡಿಕೊಂಡಿದೆ. ಗದಗದ ವೀರನಾರಾಯಣ, ತ್ರಿಕೂಟೇಶ್ವರ ಗುಡಿಗಳಿಗೂ ಜುಮ್ಮಾ ಮಸೀದಿಗೂ ಒಂದೇ ವಿಶ್ವಸ್ತ ಮಂಡಳಿಯೆಂಬುದನ್ನೂ ಹೇಳಿದೆ. ವಿದ್ಯಾರ್ಥಿಗಳು ತಲೆದೂಗಿದರು. ನನಗೂ ಹಿಗ್ಗು.

ಮುಂಡರಗಿ ಕಡೆಯ ಹುಡುಗನೊಬ್ಬ ತನ್ನೂರ ಮೊಹರಮ್ಮಿನ ಅಲಾಯಿ ಕುಣಿಯನ್ನೂ ಚೋಂಗೆಯ ಸವಿಯನ್ನೂ ಸೊಗಸಾಗಿ ವರ್ಣಿಸಿದ. ಹುಸೇನರು ಯಾರೆಂದು ಕೇಳಿದರೆ ಸುಮ್ಮನಾದ. ಅವರು ಪ್ರವಾದಿಯ ಮೊಮ್ಮಗ, ಯಜೀದನ ಅಧಿಕಾರಕ್ಕೆ ಮಣಿಯದೆ 680ರಲ್ಲಿ ಕರ್ಬಲಾದಲ್ಲಿ ಮಡಿದವರು ಎಂದು ನಾನು ವಿವರಿಸುತ್ತಿರುವಾಗ ಹಿಂದಿನ ಸಾಲಿನಿಂದ ಮುಸ್ಲಿಂ ವಿದ್ಯಾರ್ಥಿನಿಯೊಬ್ಬಳು ಎದ್ದಳು: "ಸರ, ನಮ್ಮ ಮನ್ಯಾಗ ಅಲಾಯಿಗೂ ಹೋಗೂದಿಲ್ಲ, ದರ್ಗಾಕ್ಕೂ ಹೋಗೂದಿಲ್ಲ. ನಮಾಜು, ರೋಜಾ ಅಷ್ಟ. ನಮ್ಮದು ಯಾವ ಪಾಠದಾಗ ಬರತೈತ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮನ್ನು ಹೋಲುವಷ್ಟು ಇಸ್ಲಾಮನ್ನು ಮಾತ್ರ ಆಯ್ದು, ಅದನ್ನೇ ಸೌಹಾರ್ದವೆಂದು ನಾನು ಕಲಿಸಿದ್ದೆ. ದರ್ಗಾಕ್ಕೆ ನಡೆದುಕೊಳ್ಳುವವರು ಸರಿಯೋ, ಒಲ್ಲೆನೆಂಬವರು ಸರಿಯೋ ಎಂದು ತೀರ್ಪು ಕೊಡುವುದು ಅಧ್ಯಾಪಕನ ಕೆಲಸವಲ್ಲ, ಇಬ್ಬರೂ ಪಾಠದಲ್ಲಿರಬೇಕು. ಆ ಹುಡುಗಿಯನ್ನೇ ಸಮಾಜದ ವಕ್ತಾರಳನ್ನಾಗಿ ನಿಲ್ಲಿಸಿ ಪ್ರಶ್ನೆ ಕೇಳುವುದೂ ಅನ್ಯಾಯವೇ. (ಆ ತಪ್ಪನ್ನೂ ನಾನು ಒಮ್ಮೆ ಮಾಡಿದೆ.)

ಲಕ್ಷ್ಮೇಶ್ವರವೆಂದರೆ ಸಾಹಿತ್ಯದ ವಿದ್ಯಾರ್ಥಿಗೆ ಪಂಪನ ಪುಲಿಗೆರೆ, ಸೋಮೇಶ್ವರನ ಗುಡಿ. ಅದೇ ಊರಲ್ಲಿ ಆದಿಲಶಾಹಿ ಕಾಲದ ಮಸೀದಿಯಿದೆ. ಮೂರ್ತಿಯಿಲ್ಲ, ಗರ್ಭಗುಡಿಯಿಲ್ಲ; ಮಕ್ಕೆಯ ದಿಕ್ಕು ತೋರುವ ಮಿಹರಾಬಿನ ಗೂಡಿದೆ. ಗುಡಿ ಕಂಡ ಕಣ್ಣಿಗೆ ಅದು ಬರಿದೆನಿಸುತ್ತದೆ. ದೇವರನ್ನು ಯಾವ ರೂಪದಲ್ಲಿಯೂ ಹಿಡಿದಿಡಲಾಗದೆಂಬ ಮುಸ್ಲಿಮರ ನಂಬಿಕೆಯನ್ನು ಆ ಬಯಲಿನಲ್ಲಿ ಓದಬೇಕು. ಅಲ್ಲಿಂದ ಐದು ಹೊತ್ತಿನ ನಮಾಜು, ಉಳಿತಾಯದ ನಾಲ್ವತ್ತರಲ್ಲೊಂದು ಪಾಲಿನ ಜಕಾತು, ಎಲ್ಲಕ್ಕೂ ದಾರಿ ತೆರೆಯುತ್ತದೆ.

ಮರುವರ್ಷ ನಾನು ಮಸೀದಿಯಿಂದಲೇ ಪಾಠ ಆರಂಭಿಸಿದೆ. ಫಕೀರೇಶ್ವರ ಬಂದದ್ದು ಮೂರನೆಯ ವಾರ.